ಭೋಸರಿ ಫರ್ನೇಸ್ ಶೆಡ್ಡಿನಾಗ 8 ಚಾನೆಲ್ ಸ್ಕ್ಯಾನರ್: 2022ರಿಂದ ಬಳಸಿ ಹೇಳಾಕತ್ತೀನಿ

ಐದಕ್ಕ ನಾಕು ಸ್ಟಾರ್. ಪುಣೆದಾಗ ಭೋಸರಿ ಎಂಐಡಿಸಿ (ಸರಕಾರಿ ಇಂಡಸ್ಟ್ರಿಯಲ್ ಏರಿಯಾ) ಒಳಗ ನಮ್ಮದು ಹೀಟ್ ಟ್ರೀಟ್‌ಮೆಂಟ್ ಶಾಪು, ಇಲೆಕ್ಟ್ರಿಕಲ್ ಮೇಂಟೆನೆನ್ಸ್ ನಾನ ನೋಡ್ಕೋತೀನಿ. ಸ್ಕ್ಯಾನರ್ ಅಂದ್ರ ಭಾಳ ಸೆನ್ಸರಿನ ರೀಡಿಂಗ್ ಒಂದ ಪರದೆ ಮ್ಯಾಲೆ ತೋರಸೂ ಮಶೀನ್. ಇದಕ್ಕ ಫರ್ನೇಸ್ ಝೋನಿನ ಐದು ಕೆ ಟೈಪ್ ಥರ್ಮೋಕಪಲ್ (ಎರಡು ಲೋಹದ ವೈರ್ ಕೂಡಿಸಿದ ಶಾಖದ ಸೆನ್ಸರ್), ಕ್ವೆಂಚ್ ಆಯಿಲ್ (ಕಾಸಿದ ಸ್ಟೀಲ್ ಅದ್ದೂ ಎಣ್ಣಿ) ಟ್ಯಾಂಕಿಂದು ಒಂದು ಪಿಟಿ 100 (ಕಾಯ್ದಂಗ ಓಮ್ ಏರೂ ಸೆನ್ಸರ್), ಕೂಲಿಂಗ್ ವಾಟರ್ ಲೈನಿನ ಎರಡು ಪ್ರೆಶರ್ ಟ್ರಾನ್ಸ್‌ಮಿಟರ್ (ಪ್ರೆಶರನ್ನ 4ರಿಂದ 20 ಮಿಲಿ ಆಂಪ್ ಕರೆಂಟ್ ಮಾಡಿ ಕಳಸೂವು) ಹಚ್ಚೇವಿ, ಎಂಟೂ ಚಾನೆಲ್ ಭರ್ತಿ. ಇಂಡಿಯಾದಾಗ ಮಾಡಿದ್ದ ಮಾಲು, ಈ ರೇಂಜಿನಾಗ ನಾಕೈದು ಕಂಪನಿ ಇಂಥದ ಮಾಡ್ತಾವ, ಅದಕ್ಕ ಹೆಸರು ಹಾಕಾಂಗಿಲ್ಲ.

ಮಶೀನ್ ಗಟ್ಟಿ ಐತಿ, ಡಿಸ್‌ಪ್ಲೇ ಇನ್ನೂ ಹೊಸದರಂಗ ಕಾಣತೈತಿ. ಆದ್ರ ತಗೊಂಡ ಮೊದಲ ವರ್ಷ ಆಪರೇಟರ್ ಮಂದಿ ಇದರ ರೀಡಿಂಗ್ ನಂಬತಿದ್ದಿಲ್ಲ, ಯಾಕಂದ್ರ ಪ್ಯಾನೆಲ್ ಮಾಡಿಕೊಟ್ಟ ಪಾರ್ಟಿ 415 ವೋಲ್ಟಿನ ಮೋಟರ್ ಕೇಬಲ್ಲೂ ಸೆನ್ಸರ್ ಕೇಬಲ್ಲೂ ಒಂದ ಡಕ್ಟಿನಾಗ ತುರುಕಿ ಹೋಗಿದ್ರು, ಆಜಿಟೇಟರ್ ವಿಎಫ್‌ಡಿ (ಕಲಸೂ ಮೋಟರಿನ ಸ್ಪೀಡ್ ಬದಲಿ ಮಾಡೂ ಡ್ರೈವ್) ಚಾಲೂ ಆತಂದ್ರ ಐದೂ ಝೋನಿನ ರೀಡಿಂಗ್ ಕುಣಿಯಾಕ ಶುರು. ಸ್ಕ್ಯಾನರ್ ಕೆಟ್ಟೈತಿ ಅಂತ ವಾಪಸ್ ಕಳಸೂ ಮಾತು ನಡೆದಿತ್ತು. ಗುರುವಾರ ನಮ್ಮ ಏರಿಯಾದಾಗ ವೀಕ್ಲಿ ಆಫ್, ಆ ರಜಾದಾಗ ಪೂರಾ ವೈರಿಂಗ್ ಬಿಚ್ಚಿ ಹೊಸದಾಗಿ ಎಳದ್ವಿ: ಸೆನ್ಸರಿಗೆ ಬ್ಯಾರೆ ಟ್ರೇ, ಮೋಟರ್ ಕೇಬಲ್ಲಿಂದ ಒಂದು ಫೂಟಿನ ಮ್ಯಾಲೆ ದೂರ, ದಾಟಲೇಬೇಕಾದಲ್ಲಿ ನೆಟ್ಟಗ ಅಡ್ಡ, ಶೀಲ್ಡ್ (ಕೇಬಲ್ಲಿನ ಒಳಗ ವೈರ್ ಸುತ್ತ ಇರೂ ಲೋಹದ ಹೊದಿಕಿ) ಪ್ಯಾನೆಲ್ ಕಡೆ ಅಷ್ಟ ಅರ್ಥ್, ಫೀಲ್ಡ್ ಕಡೆ ಕತ್ತರಿಸಿ ಟೇಪ್. ಕುಣಿಯೂದು ಅವತ್ತಿಗೆ ನಿಂತಿತು. ಸ್ಕ್ಯಾನರಿನ ಒಂದು ಸೆಟ್ಟಿಂಗ್ ಸೈತ ಬದಲಿ ಮಾಡಿಲ್ಲ.

ಥರ್ಮೋಕಪಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ಭಾಳ ಮಂದಿ ಮಾಲು ಕೆಡಿಸಿಕೊಳ್ತಾರ. ಫರ್ನೇಸ್ ಬಾಜೂ ಇರೂ ಜಂಕ್ಷನ್ ಬಾಕ್ಸಿಂದ ಪ್ಯಾನೆಲ್ ತನಕ ಆ ಪಾರ್ಟಿ ಸಾದಾ ತಾಮ್ರದ ವೈರ್ ಎಳದಿದ್ರು. ಥರ್ಮೋಕಪಲ್ ಹೇಳೂದು ಎರಡು ತುದಿ ನಡುವಿನ ಶಾಖದ ಫರಕ ಅಷ್ಟ, ಈ ಕಡೆ ತುದಿಯ ಶಾಖ ಸ್ಕ್ಯಾನರ್ ಕೂಡಿಸಬೇಕು. ಬಾಕ್ಸಿನಾಗ 60 ಡಿಗ್ರಿ ಐತಿ, ಪ್ಯಾನೆಲ್‌ನಾಗ 35 ಐತಿ ಅಂತ ಹಿಡೀರಿ, ಸ್ಕ್ಯಾನರ್ ತನ್ನ ಟರ್ಮಿನಲ್ಲಿನ 35 ಅಷ್ಟ ಕೂಡಿಸ್ತೈತಿ, ನಡುವಿನ 25 ಡಿಗ್ರಿ ಲೆಕ್ಕಕ್ಕ ಬರೂದ ಇಲ್ಲ. ಅಂದ್ರ ಪರದೆ ಮ್ಯಾಲೆ 850 ಇದ್ರ ಒಳಗ ಖರೇನ 875, ಸ್ಟೀಲಿಗೆ ಇದು ಸಣ್ಣ ಫರಕ ಅಲ್ರಿ. ಕೆ ಟೈಪಿಗೆ ಕೆ ಟೈಪಿನ ಕೇಬಲ್ಲ ಬೇಕು. ಬಣ್ಣನೂ ನೋಡ್ರಿ, ಐಇಸಿ (ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಪ್ರಕಾರ ಹಸಿರು ಪ್ಲಸ್ ಬಿಳಿ ಮೈನಸ್, ಅಮೆರಿಕನ್ ಕೇಬಲ್ ಆದ್ರ ಹಳದಿ ಪ್ಲಸ್ ಕೆಂಪು ಮೈನಸ್, ಕೆಂಪು ಅಂದ್ರ ಪ್ಲಸ್ ಅಂತ ಕೈ ರೂಢಿ ಆದವರು ಇಲ್ಲಿ ಉಲ್ಟಾ ಹಚ್ತಾರ. ಒಂದ ಕಡೆ ಉಲ್ಟಾ ಆದ್ರ ಫರ್ನೇಸ್ ಕಾಯ್ದಂಗ ರೀಡಿಂಗ್ ಇಳೀತೈತಿ, ಕೂಡ್ಲೇ ಗೊತ್ತಾಗತೈತಿ. ಕೇಬಲ್ಲಿನ ಎರಡೂ ತುದಿ ಉಲ್ಟಾ ಆದ್ರ ಮಾತ್ರ ರೀಡಿಂಗ್ ಸರಿ ಏರತೈತಿ, ಆದ್ರ ಆ 25ರ ಡಬಲ್ ಕಡಿಮಿ ತೋರಸ್ತೈತಿ, ಯಾರಿಗೂ ಸಂಶಯ ಬರಾಂಗಿಲ್ಲ.

ಪಿಟಿ 100ಕ್ಕ ಮೂರು ವೈರ್ ಎಳೀರಿ. ಡಿಗ್ರಿಗೆ 0.385 ಓಮ್ ಲೆಕ್ಕ, ಎರಡ ವೈರ್ ಇದ್ರ ವೈರಿನ ಓಮೂ ಲೆಕ್ಕಕ್ಕ ಸೇರತೈತಿ, ಒಂದು ಓಮ್ ಸೇರಿದ್ರ ಎರಡೂವರೆ ಡಿಗ್ರಿ ಜಾಸ್ತಿ ತೋರಸ್ತೈತಿ.

24 ವೋಲ್ಟಿನ ಎಸ್‌ಎಂಪಿಎಸ್ (ಸ್ಕ್ಯಾನರಿಗೂ ಟ್ರಾನ್ಸ್‌ಮಿಟರಿಗೂ ಡಿಸಿ ಕೊಡೂ ಪವರ್ ಸಪ್ಲೈ) ಸ್ಕ್ಯಾನರ್ ಕಂಪನಿಯವರು ಕೊಡೂದಿಲ್ಲ, ನಾವ ತರಬೇಕು, ನಮ್ಮದು 2.5 ಆಂಪ್‌ದು. ಒಮ್ಮೆ ಮಳೆಗಾಲದಾಗ ಒಂದು ಟ್ರಾನ್ಸ್‌ಮಿಟರಿನ ಕೇಬಲ್ ಗ್ಲ್ಯಾಂಡಿನಾಗ (ಬಾಕ್ಸಿನೊಳಗ ಕೇಬಲ್ ಹೋಗೂ ತೂತಿನ ಬಿಗಿ) ತಿಕ್ಕಿ ಶಾರ್ಟ್ ಆತು, ಕಾಸೂ ಮಾಲು ಫರ್ನೇಸಿನಾಗ ಇದ್ದಾಗನ ಎಂಟೂ ಚಾನೆಲ್ ಕತ್ತಲಿ. ಎಂಸಿಬಿ ಟ್ರಿಪ್ ಆಗಿದ್ದಿಲ್ಲ, ಆಗೂದೂ ಇಲ್ಲ, ಯಾಕಂದ್ರ ಶಾರ್ಟ್ ಆದ್ರ ಎಸ್‌ಎಂಪಿಎಸ್ ತಾನ ಕರೆಂಟ್ ಕಟ್ಟಿಹಾಕಿ ವೋಲ್ಟೇಜ್ ಕೆಳಗ ಬಿಡತೈತಿ, ಎಂಸಿಬಿಗೆ ಶಾರ್ಟ್ ಆಗಿದ್ದ ತಿಳಿಯೂದಿಲ್ಲ. ಈಗ ಒಂದೊಂದು ಟ್ರಾನ್ಸ್‌ಮಿಟರಿಗೆ ಒಂದೊಂದು ಫ್ಯೂಸ್ ಟರ್ಮಿನಲ್, 100 ಮಿಲಿ ಆಂಪ್ ಫ್ಯೂಸು, ಲೂಪಿನಾಗ ಹರಿಯೂದ 20. ಶಾರ್ಟ್ ಆದ್ರ ಅದೊಂದ ಚಾನೆಲ್ ಹೋಗತೈತಿ, ಅದೂ ಸೊನ್ನೆ ಮಿಲಿ ಆಂಪ್ ಅಂತ ಬರೂದ್ರಿಂದ ವೈರ್ ಹರದೈತಿ ಅಂತ ಸ್ಕ್ಯಾನರ್ ಅಲಾರ್ಮ್ ಕೊಡತೈತಿ, ಪ್ರೆಶರ್ ಖರೇನ ಸೊನ್ನೆ ಇದ್ರ 4 ಬರಬೇಕಲ್ಲ. ಗ್ಲ್ಯಾಂಡ್ ಎಲ್ಲಾ ಬಾಕ್ಸಿನ ತಳಕ್ಕ ಹಾಕ್ರಿ, ಕೇಬಲ್ ಒಮ್ಮೆ ಕೆಳಗ ಜೋತು ಬಿದ್ದು ಮ್ಯಾಲೆ ಏರಲಿ, ಪುಣೆ ಮಳಿ ನೀರು ಕೇಬಲ್ ಹಿಡಕೊಂಡ ಒಳಗ ಬರತೈತಿ.

ಇನ್ನ ಜೀವದ ಮಾತು. ಸ್ಕ್ಯಾನರ್ ಬಾಜೂಕ ಎನರ್ಜಿ ಮೀಟರ್ ಐತಿ, ಅದಕ್ಕ 200/5 ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಲೈನಿನ 200 ಆಂಪಿಗೆ ಮೀಟರಿಗೆ 5 ಆಂಪ್ ಕೊಡೂದು). ಇಂಡಿ ಕಡೆ ಹುಡುಗ ಒಬ್ಬಾಂವ ನನ್ನ ಕೈಕೆಳಗ ಕೆಲಸ ಕಲಿಯಾಕತ್ತಾನ, ಚುರುಕ ಅದಾನ. ಫರ್ನೇಸ್ ಲೋಡ್ ಮ್ಯಾಲೆ ಇದ್ದಾಗ ಮೀಟರ್ ಬದಲಿ ಮಾಡಾಕ ಹೋಗಿ ಸ್ಕ್ರೂಡ್ರೈವರ್ ಸಿಟಿಯ ಎಸ್1 ಟರ್ಮಿನಲ್ಲಿಗೆ ಹಚ್ಚಿದ್ದ. "ಏ ತಮ್ಮಾ, ಕೈ ತಗಿ!" ಅಂತ ಒದರಿದೆ. "ಯಾಕ್ರಿ ಅಣ್ಣಾರ, 5 ಆಂಪಿಂದ ಐತಲ್ರಿ" ಅಂದ. ಪ್ರೈಮರಿದಾಗ (ದೊಡ್ಡ ಲೈನ್ ಕಡೆ) ಕರೆಂಟ್ ಹರಿಯೂವಾಗ ಸಿಟಿಯ ಸೆಕೆಂಡರಿ (ಮೀಟರ್ ಕಡೆ) ಬಿಚ್ಚಿ ಖುಲ್ಲಾ ಬಿಟ್ರ ಅಲ್ಲಿ ಮನುಷ್ಯಾನ್ನ ಕೊಲ್ಲೂವಷ್ಟು ವೋಲ್ಟೇಜ್ ಏಳಬಹುದು, ಸಿಟಿನೂ ಸುಡಬಹುದು. ಮೊದಲು ಶಾರ್ಟಿಂಗ್ ಲಿಂಕ್ (ಸೆಕೆಂಡರಿಯ ಎರಡೂ ತುದಿ ಕೂಡಿಸೂ ಪಟ್ಟಿ) ಸರಿಸಿ ಬಿಗಿ ಮಾಡಬೇಕು, ಆಮ್ಯಾಲೆ ಮೀಟರ್ ಕಡಿ ವೈರ್ ಬಿಚ್ಚಬೇಕು. ಅವತ್ತ ಅವನ ಕೈಲೇನ ಲಿಂಕ್ ಸರಿಸಿಸಿ ತೋರಿಸಿದೆ. ಸಿಟಿಗೆ ಶಾರ್ಟಿಂಗ್ ಲಿಂಕ್ ಇರೂ ಟರ್ಮಿನಲ್ ಇಲ್ಲದ ಪ್ಯಾನೆಲ್ ಯಾರರ ಕೊಟ್ರ ತಗೋಬ್ಯಾಡ್ರಿ, ನೂರಿನ್ನೂರು ರೂಪಾಯಿ ನೋಡಬ್ಯಾಡ್ರಿ.

ಉಳಿದ ಕೆಲಸಕ್ಕೂ ನಮ್ಮಲ್ಲಿ ಒಂದ ಪದ್ಧತಿ: ಮೇನ್ ಆಫ್, ಕೀಲಿ, ಕೀಲಿಕೈ ಕೆಲಸ ಮಾಡಾಂವನ ಕಿಸೆದಾಗ. ಕೈಯಾಗಿನ ಟೆಸ್ಟ್ ಮೀಟರನ್ನ ಮೊದಲು ಕರೆಂಟ್ ಇರೂ ಕಡೆ ಹಿಡಿದು ನೋಡೂದು, ಆಮ್ಯಾಲೆ ನಮ್ಮ ಟರ್ಮಿನಲ್, ಮತ್ತ ಕರೆಂಟ್ ಇರೂ ಕಡೆ, ನಡುವ ಮೀಟರ್ ಸತ್ತಿಲ್ಲ ಅಂತ ಖಾತ್ರಿಗೆ. ವಿಎಫ್‌ಡಿ ಇದ್ರ ಆಫ್ ಮಾಡಿದ ಮ್ಯಾಲೂ ಕೆಪ್ಯಾಸಿಟರಿನಾಗ 500 ವೋಲ್ಟಿನ ಮ್ಯಾಲೆ ಡಿಸಿ ಕುಂತಿರತೈತಿ, ಅದರ ಲೇಬಲ್ ಮ್ಯಾಲೆ ಬರೆದಷ್ಟು ನಿಮಿಷ ಕಾದು, ಅಳದು, ಆಮ್ಯಾಲೆ ಕೈ ಹಾಕೂದು.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ ಎರಡು ಕಾರಣ. ಟರ್ಮಿನಲ್ ಸ್ಕ್ರೂ ಭಾಳ ಸಣ್ಣವು, ಬಾಜೂ ಶೆಡ್ಡಿನ ಪವರ್ ಪ್ರೆಸ್ ಹೊಡೆತಕ್ಕ ಸಡ್ಲ ಆಗ್ತಾವ, ಬರೀ ಎಳಿ ತಿರುವಿ ಹಾಕಿದ್ರ ನಿಲ್ಲೂದ ಇಲ್ಲ, ತುದಿಗೆ ಪಿನ್ ಲಗ್ (ಲೋಹದ ತೊಡಪು) ಕ್ರಿಂಪ್ ಮಾಡೇ ಹಾಕಬೇಕು. ಎರಡನೇದು ದೊಡ್ಡದು: ಚಾನೆಲ್ ಚಾನೆಲ್ ನಡುವ ಐಸೋಲೇಶನ್ ಇಲ್ಲ. ತುದಿ ಹೊರಗಿನ ಲೋಹದ ಕೊಳವಿಗೆ ಅಂಟಿರೂ ಗ್ರೌಂಡೆಡ್ ಥರ್ಮೋಕಪಲ್ ಎರಡು ಹಾಕಿದ್ರ ಫರ್ನೇಸ್ ಬಾಡಿಯ ಅರ್ಥ್ ಮೂಲಕ ಒಂದರ ರೀಡಿಂಗ್ ಇನ್ನೊಂದಕ್ಕ ಹೊಕ್ಕೊಳ್ತೈತಿ. ಕ್ಯಾಟಲಾಗಿನಾಗ ಬರೀ "ಐಸೋಲೇಟೆಡ್" ಅಂತ ಹಾಕ್ಯಾರ, ಅದು ಪವರ್ ಮತ್ತ ಇನ್‌ಪುಟ್ ನಡುವಿಂದು ಮಾತ್ರ. ನಾವು ಅನ್‌ಗ್ರೌಂಡೆಡ್ ಥರ್ಮೋಕಪಲ್ ತರಿಸಿ ಪಾರಾದ್ವಿ. ಟೆಂಪರಿಂಗ್ ಫರ್ನೇಸಿಗೆ ಇನ್ನೊಂದು ಸ್ಕ್ಯಾನರ್ ಬೇಕಾಗೈತಿ, ಈ ಸಲ ಚಾನೆಲ್ ಟು ಚಾನೆಲ್ ಐಸೋಲೇಶನ್ ಎಷ್ಟು ವೋಲ್ಟಿಂದು ಅಂತ ಕೋಟೇಶನ್ನಿನಾಗ ಬರೆಸಿಕೊಂಡ ಮ್ಯಾಲೇ ಪಿಓ (ಖರೀದಿ ಆರ್ಡರ್) ಕೊಡಾಂವ.