ಅರ್ಧ ಎಕಾನಮಿ ಅರ್ಧ ಬಿಸಿನೆಸ್ ಟಿಕೆಟ್ ತಗೊಂಡು ಅಮ್ಮನ್ನ ಕರ್ಕೊಂಡು ಹೋದ ಕಥೆ, ನೀವು ಈ ತಪ್ಪು ಮಾಡ್ಬೇಡಿ

ವಯಸ್ಸಾದ ಅಪ್ಪ ಅಮ್ಮನ್ನ ಅಮೆರಿಕಕ್ಕೋ ಕೆನಡಾಕ್ಕೋ ಕರ್ಕೊಂಡು ಹೋಗೋರು, ದುಡ್ಡು ಉಳಿಸೋಕೆ ಒಂದು ಫ್ಲೈಟ್ ಎಕಾನಮಿ ಇನ್ನೊಂದು ಬಿಸಿನೆಸ್ ಅಂತ ಮಿಕ್ಸ್ ಮಾಡಿ ಟಿಕೆಟ್ ತಗೋಬೇಕು ಅಂತಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಜನವರಿಯಲ್ಲಿ ನಾನು ಅದನ್ನೇ ಮಾಡ್ದೆ. ದುಡ್ಡೂ ಹೋಯ್ತು, ಅಮ್ಮನೂ ನರಳಿದ್ರು, ಅದು ಇವತ್ತಿಗೂ ನನ್ನ ಮನಸ್ಸಿಂದ ಹೋಗಿಲ್ಲ.

ನನ್ನ ತಂಗಿ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಸನ್ನಿವೇಲ್‌ನಲ್ಲಿದ್ದಾಳೆ, ಚೊಚ್ಚಲ ಹೆರಿಗೆ, ಅಮ್ಮ ಬಾಣಂತನಕ್ಕೆ ಹೋಗಲೇಬೇಕು. ಅಮ್ಮಂಗೆ 69, ಬಲಗಾಲಿನ ಮಂಡಿ ಆಪರೇಷನ್ ಆಗಿ 14 ತಿಂಗಳಾಗಿತ್ತು, ಅರ್ಧ ಗಂಟೆ ಕಾಲು ಮಡಚಿ ಕೂತ್ರೆ ಸಾಕು ಏಳೋವಾಗ ಗೋಡೆ ಹಿಡ್ಕೋಬೇಕು. ಬೆಂಗಳೂರಿಂದ ಗಲ್ಫ್‌ಗೆ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ. ಪೂರ್ತಿ ಬಿಸಿನೆಸ್ ನೋಡಿದ್ರೆ ರೇಟು ಕೈಗೆಟುಕೋ ಹಾಗಿಲ್ಲ, ಜಿಎಸ್‌ಟಿ ಬೇರೆ ಎಕಾನಮಿಗೆ 5 ಪರ್ಸೆಂಟ್ ಆದ್ರೆ ಬಿಸಿನೆಸ್‌ಗೆ 2025ರ ಸೆಪ್ಟೆಂಬರ್‌ನಿಂದ 12 ಇದ್ದಿದ್ದು 18 ಆಗಿದೆ. ಸರಿ, ನಾಲ್ಕು ಗಂಟೆ ಅಮ್ಮ ನನ್ನ ಜೊತೆ ಎಕಾನಮಿಲಿ ಕೂರ್ಲಿ, ಹದಿನಾರು ಗಂಟೆಗೆ ಮಾತ್ರ ಬಿಸಿನೆಸ್‌ನಲ್ಲಿ ಕಾಲು ಚಾಚಿ ಮಲಗ್ಲಿ, ನಾನು ಎರಡರಲ್ಲೂ ಎಕಾನಮಿ ಅಂತ ಲೆಕ್ಕ ಹಾಕ್ದೆ. ಸುಮಾರು 80 ಸಾವಿರ ಉಳೀತು.

ಟಿಕೆಟ್ ಹುಡುಕೋವಾಗ್ಲೇ ಒಂದು ಹಳ್ಳಕ್ಕೆ ಬೀಳೋದ್ರಲ್ಲಿದ್ದೆ, ಅದನ್ನೂ ಹೇಳ್ಬಿಡ್ತೀನಿ. ಬುಕಿಂಗ್ ವೆಬ್‌ಸೈಟ್‌ನಲ್ಲಿ ಬಿಸಿನೆಸ್ ಅಂತ ಒತ್ತಿ ಕಡಿಮೆ ರೇಟಿಂದ ಜೋಡಿಸಿದ್ರೆ ಮೊದಲನೇದೇ ನಂಬೋಕಾಗದಷ್ಟು ಅಗ್ಗ. ಖುಷಿಯಾಗಿ ಕಾರ್ಡ್ ನಂಬರ್ ಹಾಕೋಕೆ ಹೋದವಳು ಏನೋ ಅನುಮಾನ ಬಂದು ಡೀಟೇಲ್ಸ್ ತೆಗೆದು ನೋಡ್ದೆ. ನಾಲ್ಕು ಗಂಟೆ ಫ್ಲೈಟ್ ಬಿಸಿನೆಸ್, ಹದಿನಾರು ಗಂಟೆದು ಎಕಾನಮಿ! ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಮಿಕ್ಸೆಡ್ ಕ್ಯಾಬಿನ್ ಅಂತ ಒಂದು ಸಾಲು ಇತ್ತು ಅಷ್ಟೇ. ಮೇಲೆ ದೊಡ್ಡದಾಗಿ ಬಿಸಿನೆಸ್ ಅಂತಿದ್ರೆ ನಂಬ್ಬೇಡಿ, ಒಂದೊಂದು ಫ್ಲೈಟಿನ ಮುಂದೆ ಏನು ಬರ್ದಿದೆ ಅಂತ ನೋಡಿ, ಏರ್‌ಲೈನ್ ಟೈಮಿಂಗ್ ಬದಲಾಯಿಸಿ ಮೇಲ್ ಕಳಿಸಿದಾಗ್ಲೆಲ್ಲಾ ಮತ್ತೆ ನೋಡಿ.

ಎರಡನೇ ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ಒಂದು ಪಿಎನ್‌ಆರ್‌ನಲ್ಲಿ, ಅಂದ್ರೆ ಒಂದೇ ಬುಕಿಂಗ್ ನಂಬರ್‌ನಲ್ಲಿ ಇರೋರೆಲ್ಲಾ ಒಂದು ಫ್ಲೈಟ್‌ನಲ್ಲಿ ಒಂದೇ ಕ್ಲಾಸ್‌ನಲ್ಲಿ ಇರ್ಬೇಕು. ಅಮ್ಮ ಬಿಸಿನೆಸ್ ನಾನು ಎಕಾನಮಿ ಅಂದ್ರೆ ಪಿಎನ್‌ಆರ್ ಎರಡಾಗುತ್ತೆ. ಆಗುತ್ತೆ, ಅದರಲ್ಲೇನು ಅಂದ್ಕೊಂಡೆ. ನಮ್ಮಿಬ್ಬರನ್ನ ಬೇರೆ ಮಾಡಿದ್ದು ಅದೇ.

ಹೊರಟ ದಿನ ಬೆಂಗಳೂರು ಏರ್‌ಪೋರ್ಟ್ ಟರ್ಮಿನಲ್ 2, ರಾತ್ರಿ ಒಂದೂವರೆ. ಬಿಸಿನೆಸ್ ಅಂದ್ರೆ ಒಂದು ಬ್ಯಾಗು 32 ಕೆಜಿ ಅಂತ ಓದಿದ್ದೆ, ಅದಕ್ಕೇ ಅಮ್ಮನ ಎರಡು ಬ್ಯಾಗೂ 30 ಕೆಜಿ ತುಂಬ್ಸಿದ್ದೆ. ಕೌಂಟರ್‌ನಲ್ಲಿದ್ದ ಹುಡುಗಿ, 'ಮೇಡಂ, ಫಸ್ಟ್ ಸೆಕ್ಟರ್ ಎಕಾನಮಿ ಇದೆ, 23 ಕೆಜಿನೇ' ಅಂದ್ಳು. ಎಷ್ಟು ವಾದ ಮಾಡಿದ್ರೂ ಒಪ್ಪಲಿಲ್ಲ. ಎಕ್ಸ್‌ಟ್ರಾ ದುಡ್ಡು ಕೇಳಿದ್ದು ನೋಡಿ ಅಮ್ಮ 'ಬೇಡ ಕಣೇ, ತೆಗೆದ್ಬಿಡೋಣ' ಅಂತ ಬಗ್ಗೋಕಾಗ್ದೆ ಇದ್ರೂ ಆ ನೆಲದ ಮೇಲೆ ಕೂತ್ಬಿಟ್ರು. ಮಗೂಗೆ ಅಂತ ಒಗೆದು ಮಡಚಿದ್ದ ಹಳೇ ಕಾಟನ್ ಸೀರೆ, ಸಾಂಬ್ರಾಣಿ, ಮೆಣಸಿನ ಸಾರಿನ ಪುಡಿ, ಲೇಹ್ಯದ ಡಬ್ಬಿ, ಎರಡು ದಿನ ಒಲೆ ಮುಂದೆ ನಿಂತು ಕಟ್ಟಿದ ಅಂಟಿನುಂಡೆ, ಒಂದೊಂದನ್ನೇ ಕೈಲಿ ಹಿಡ್ಕೊಂಡು ಯಾವುದು ಬಿಡೋದು ಅಂತ ನನ್ನ ಮುಖ ನೋಡೋರು. 14 ಕೆಜಿ ತೆಗೆದು, ಗೇಟ್ ಹತ್ರ ಸಿಐಎಸ್‌ಎಫ್‌ನವರನ್ನ ಕೇಳ್ಕೊಂಡು ಹೊರಗಿದ್ದ ನಮ್ಮ ಯಜಮಾನ್ರಿಗೆ ಕೊಟ್ಟು ಬಂದೆ. ಅಂಟಿನುಂಡೆಲಿ ಅರ್ಧ ವಾಪಸ್ ಮನೆಗೆ ಹೋಯ್ತು. ಲಗೇಜ್ ಲೆಕ್ಕ ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಬೇರೆ ಇರುತ್ತೆ, ಅದಕ್ಕೇ ಮಿಕ್ಸ್ ಟಿಕೆಟ್ ತಗೊಂಡ್ರೆ ಪ್ರತಿ ಫ್ಲೈಟ್‌ಗೂ ಎಷ್ಟು ಬ್ಯಾಗು, ಒಂದಕ್ಕೆ ಎಷ್ಟು ಕೆಜಿ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ, ಪ್ರಿಂಟ್ ಕೈಲಿರ್ಲಿ. ಇಲ್ಲಾಂದ್ರೆ ಕಮ್ಮಿ ಇರೋ ಲೆಕ್ಕಕ್ಕೇ ಪ್ಯಾಕ್ ಮಾಡಿ.

ಇದೆಲ್ಲಾ ಸಹಿಸ್ಕೋಬಹುದಿತ್ತು. ಆಮೇಲೆ ಮಂಜು ಬಿತ್ತು. ಜನವರಿ ಬೆಳಗಿನ ಜಾವ ದೇವನಹಳ್ಳಿ ಕಡೆ ಮಂಜು ಹೇಗಿರುತ್ತೆ ಅಂತ ಗೊತ್ತಲ್ಲ, ನಾಲ್ಕೂವರೆಗೆ ಹೊರಡಬೇಕಿದ್ದ ಫ್ಲೈಟ್ ಎಂಟೂಕಾಲಿಗೆ ಹೊರಡ್ತು. ಗಲ್ಫ್‌ನಲ್ಲಿ ಇಳಿಯೋಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫ್ಲೈಟ್ ಹೋಗಿತ್ತು. ಫೋನ್ ಆನ್ ಮಾಡಿದ್ರೆ ಎರಡು ಮೆಸೇಜ್. ನನ್ನನ್ನ ಸಿಸ್ಟಮ್ ತಾನಾಗೇ ಅವತ್ತಿನ ನ್ಯೂಯಾರ್ಕ್ ಫ್ಲೈಟ್‌ಗೆ ಹಾಕಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸ್ತಿದೆ, ಅಮ್ಮನ್ನ ಮಾರನೇ ದಿನದ ಫ್ಲೈಟ್‌ಗೆ ಹಾಕಿದೆ, ಯಾಕಂದ್ರೆ ಬಿಸಿನೆಸ್ ಸೀಟು ಅದರಲ್ಲೇ ಇತ್ತು. ಸಿಸ್ಟಮ್ ಕಣ್ಣಿಗೆ ನಾವು ಅಮ್ಮ ಮಗಳಲ್ಲ, ಸಂಬಂಧ ಇಲ್ದಿರೋ ಇಬ್ಬರು ಪ್ಯಾಸೆಂಜರ್‌ಗಳು.

ಟ್ರಾನ್ಸ್‌ಫರ್ ಡೆಸ್ಕ್ ಮುಂದೆ ಎರಡು ಗಂಟೆ ಕ್ಯೂ. ಅಮ್ಮಂಗೆ ಕನ್ನಡ ಬಿಟ್ರೆ ಬೇರೆ ಭಾಷೆ ಬರಲ್ಲ, ವೀಲ್‌ಚೇರ್ ಬಿಟ್ರೆ ಓಡಾಡೋಕಾಗಲ್ಲ, ಗೊತ್ತಿಲ್ಲದ ಊರಲ್ಲಿ ಒಂದು ರಾತ್ರಿ ಒಬ್ಬರನ್ನೇ ಬಿಟ್ಟು ಹೋಗೋದು ಸಾಧ್ಯನೇ ಇಲ್ಲ. ನನ್ನನ್ನೂ ನಾಳೆದಕ್ಕೆ ಹಾಕಿ ಅಂದ್ರೆ ಎಕಾನಮಿ ಫುಲ್. ಕೊನೆಗೆ ಡೆಸ್ಕ್‌ನವರು 'ಅಮ್ಮನ್ನ ಈಗಲೇ ನಿಮ್ಮ ಜೊತೆ ಎಕಾನಮಿಲಿ ಕಳಿಸ್ತೀವಿ, ಇಲ್ಲಿ ಒಪ್ಪಿಗೆ ಒತ್ತಿ' ಅಂತ ಟ್ಯಾಬ್ ಮುಂದಿಟ್ರು. ಒತ್ತಿದೆ. ನಾನು ಮಾಡಿದ ಅತಿ ದೊಡ್ಡ ತಪ್ಪು ಅದು, ಯಾಕೆ ಅಂತ ಕೆಳಗೆ ಹೇಳ್ತೀನಿ.

ಹದಿನಾಲ್ಕು ಗಂಟೆ ಎಕಾನಮಿ. ಹೊಸ ಫ್ಲೈಟ್‌ಗೆ ಬದಲಾಯಿಸಿದಾಗ ಮೊದಲು ಹೇಳಿದ್ದ ವೆಜ್ ಊಟ, ವೀಲ್‌ಚೇರ್ ಎರಡೂ ಬಿದ್ದು ಹೋಗಿದ್ವು, ನಮಗೆ ಗೊತ್ತೇ ಆಗ್ಲಿಲ್ಲ. ಅಮ್ಮ ಬನ್ನು, ಹಣ್ಣು, ನನ್ನ ಬ್ಯಾಗ್‌ನಲ್ಲಿದ್ದ ಒಗ್ಗರಣೆ ಅವಲಕ್ಕಿ ತಿಂದು ಕೂತ್ರು. ಎಂಟು ಗಂಟೆ ಆದ್ಮೇಲೆ ಕಾಲು ಊದೋಕೆ ಶುರುವಾಯ್ತು, ಚಪ್ಪಲಿ ಬಿಚ್ಚಿ ನನ್ನ ಬ್ಯಾಗ್ ಮೇಲೆ ಕಾಲಿಟ್ಕೊಂಡ್ರು. ಮೊಬೈಲ್ ಬೆಳಕಲ್ಲಿ ನೋಡಿದ್ರೆ ಕಾಲುಂಗುರ ಬೆರಳಲ್ಲಿ ಹೂತು ಹೋಗಿತ್ತು, ಸುತ್ತ ಚರ್ಮ ಕೆಂಪಾಗಿ ಉಬ್ಬಿತ್ತು. ತೆಗೀತೀನಿ ಅಮ್ಮ ಅಂದ್ರೆ 'ಬೇಡ್ವೇ, ಅಪ್ಪ ಮನೇಲಿ ಒಬ್ರೇ ಇದ್ದಾರೆ' ಅಂತ ಕಾಲು ಎಳ್ಕೊಂಡ್ರು. ಸೋಪಿನ ನೀರು ಹಚ್ಚಿ ಸ್ವಲ್ಪ ಸಡಿಲ ಮಾಡಿದೆ. ಅವರು ನಿದ್ದೆ ಮಾಡ್ಲಿಲ್ಲ, ನಾನೂ ಮಾಡ್ಲಿಲ್ಲ.

ನ್ಯೂಯಾರ್ಕ್‌ನಲ್ಲಿ ಇಳಿದ್ರೆ ಮುಗಿಯಲ್ಲ. ಅಮೆರಿಕದಲ್ಲಿ ಮೊದಲು ಯಾವ ಊರಲ್ಲಿ ಇಳೀತೀರೋ ಅಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎಲ್ಲಾ ತಗೊಂಡು ಮತ್ತೆ ಕೊಡ್ಬೇಕು. ವೀಲ್‌ಚೇರ್ ಬರೋಕೆ ನಲವತ್ತು ನಿಮಿಷ. ಆಮೇಲೆ ಇನ್ನೂ ಆರು ಗಂಟೆ ಫ್ಲೈಟ್. ತಂಗಿ ಒಂಬತ್ತು ತಿಂಗಳ ಹೊಟ್ಟೆ ಹೊತ್ಕೊಂಡು ಏರ್‌ಪೋರ್ಟ್‌ಗೆ ಬಂದಿದ್ಳು, ಅಮ್ಮನ ಕಾಲು ನೋಡಿ ಅಲ್ಲೇ ಅತ್ಬಿಟ್ಳು. ಬಾಣಂತನ ಮಾಡೋಕೆ ಹೋದ ಅಮ್ಮ ಮೊದಲನೇ ವಾರ ಮಂಚದ ಮೇಲೆ ಕಾಲೆತ್ತಿಟ್ಕೊಂಡು ಮಲಗಿದ್ರು.

ಈಗ ದುಡ್ಡಿನ ವಿಷಯ, ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ. ಬಿಸಿನೆಸ್‌ಗೆ ಕೊಟ್ಟು ಎಕಾನಮಿಲಿ ಕೂತಿದೀವಿ, ವ್ಯತ್ಯಾಸ ವಾಪಸ್ ಕೊಡಿ ಅಂದ್ರೆ ಏರ್‌ಲೈನ್‌ನವರು 'ನೀವೇ ಒಪ್ಕೊಂಡಿದೀರಿ, ಇದು ವಾಲಂಟರಿ ಚೇಂಜ್' ಅಂದ್ರು. ಅದಕ್ಕೇ ಹೇಳ್ತಿರೋದು, ಅಂಥ ಹೊತ್ತಲ್ಲಿ ಏನನ್ನೂ ಒತ್ತೋ ಮುಂಚೆ 'ಇದು ಇನ್‌ವಾಲಂಟರಿ ಡೌನ್‌ಗ್ರೇಡ್ ಅಂತ ಬರೆದು ಕೊಡಿ' ಅಂತ ಕೇಳಿ, ಅಂದ್ರೆ ನಾವು ಕೇಳದೇ ಏರ್‌ಲೈನೇ ಕ್ಲಾಸ್ ಇಳಿಸಿದೆ ಅಂತ. ಕೊಡ್ಲಿಲ್ಲ ಅಂದ್ರೆ ಸ್ಕ್ರೀನ್ ಫೋಟೋ ತಗೊಳ್ಳಿ, ಅಲ್ಲೇ ನಿಂತು ಒಂದು ಮೇಲ್ ಹಾಕಿ, ಎರಡೂ ಬೋರ್ಡಿಂಗ್ ಪಾಸ್ ಎತ್ತಿಡಿ. ಎರಡು ತಿಂಗಳು ಏರ್‌ಲೈನ್ ಏಜೆಂಟನ್ನ ಕೇಳಿ ಅಂತು, ಏಜೆಂಟ್ ಏರ್‌ಲೈನ್‌ನ ಕೇಳಿ ಅಂದ. ಆಮೇಲೆ 11 ಸಾವಿರ ಹಾಕಿದ್ರು. ಲೆಕ್ಕ ಹೇಗೆ ಅಂದ್ರೆ, ಅವತ್ತಿನ ದಿನ ಆ ಫ್ಲೈಟ್‌ನ ಅತಿ ದುಬಾರಿ ಎಕಾನಮಿ ರೇಟ್ ಇಟ್ಕೊಂಡು ಅದಕ್ಕೂ ನಾವು ಕೊಟ್ಟಿದ್ದಕ್ಕೂ ಇರೋ ವ್ಯತ್ಯಾಸವಂತೆ. ನಾವು ಆ ಒಂದು ಫ್ಲೈಟ್ ಬಿಸಿನೆಸ್ ಆಗ್ಲಿ ಅಂತ ಹೆಚ್ಚಿಗೆ ಕೊಟ್ಟಿದ್ದು ಲಕ್ಷದ ಹತ್ರ.

ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2023ರ ಫೆಬ್ರವರಿ 15ರಿಂದ ಒಂದು ನಿಯಮ ತಂದಿದೆ, ಏರ್‌ಲೈನ್ ತಾನಾಗಿ ಕ್ಲಾಸ್ ಇಳಿಸಿದ್ರೆ ವಿದೇಶದ ಫ್ಲೈಟ್‌ಗೆ 1500 ಕಿಲೋಮೀಟರ್ ಒಳಗೆ ಟಿಕೆಟ್ ದುಡ್ಡಿನ 30 ಪರ್ಸೆಂಟ್, 3500ರವರೆಗೆ 50, ಅದಕ್ಕೂ ಮೇಲೆ 75 ವಾಪಸ್ ಕೊಡ್ಬೇಕು. ಅದನ್ನ ತೋರಿಸಿದ್ರೆ 'ನಿಮ್ಮ ಕ್ಲಾಸ್ ಇಳಿದಿದ್ದು ಇಂಡಿಯಾದಿಂದ ಹೊರಟ ಫ್ಲೈಟ್‌ನಲ್ಲಿ ಅಲ್ಲ' ಅಂತ ಒಂದೇ ಸಾಲಲ್ಲಿ ಉತ್ತರ ಕೊಟ್ರು. ಯುರೋಪ್ ಮೇಲೆ ಹೋಗೋರು ನೆನಪಿಡಿ, ಅಲ್ಲಿಂದ ಹೊರಡೋ ಫ್ಲೈಟ್‌ಗೂ ಇದೇ 30, 50, 75ರ ಕಾನೂನಿದೆ, ಆದ್ರೆ 2016ರಲ್ಲಿ ಯುರೋಪಿನ ಕೋರ್ಟು, ಪರ್ಸೆಂಟ್ ಲೆಕ್ಕ ಹಾಕೋದು ಕ್ಲಾಸ್ ಇಳಿಸಿದ ಆ ಒಂದು ಫ್ಲೈಟಿನ ದರದ ಮೇಲೆ ಮಾತ್ರ, ಪೂರ್ತಿ ಟಿಕೆಟ್ ಮೇಲಲ್ಲ ಅಂತ ಹೇಳಿದೆ. ಹಾಗಾಗಿ ಮಿಕ್ಸ್ ಟಿಕೆಟ್ ತಗೊಳ್ಳೋರು ಯಾವ ಫ್ಲೈಟಿಗೆ ಎಷ್ಟು ದರ ಅಂತ ಬಿಡಿಬಿಡಿಯಾಗಿ ಏಜೆಂಟ್ ಹತ್ರ ಮೊದ್ಲೇ ಬರೆಸಿಕೊಳ್ಳಿ.

ಅಮೆರಿಕಕ್ಕೆ ಹೋಗೋ ಬರೋ ಫ್ಲೈಟ್ ಆದ್ರೆ ಇನ್ನೊಂದು ದಾರಿ ಇದೆ, ಇದನ್ನ ಹೇಳಿದ್ದು ತಂಗಿ ಆಫೀಸಿನ ತೆಲುಗು ಹುಡುಗ. ಅಲ್ಲಿನ ಸಾರಿಗೆ ಇಲಾಖೆ ವೆಬ್‌ಸೈಟ್‌ನಲ್ಲಿ ನಾವೇ ದೂರು ಕೊಡ್ಬಹುದು, ಏರ್‌ಲೈನ್ ಯಾವ ದೇಶದ್ದಾದ್ರೂ 60 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡ್ಲೇಬೇಕು. 2024ರ ಅವರ ಹೊಸ ರೀಫಂಡ್ ನಿಯಮದ ಪ್ರಕಾರ ಕೆಳಗಿನ ಕ್ಲಾಸ್‌ಗೆ ಇಳಿಸಿದ್ರೆ ಪ್ರಯಾಣನೇ ಬೇಡ ಅಂದು ದುಡ್ಡು ವಾಪಸ್ ಕೇಳೋ ಹಕ್ಕೂ ಇದೆ. ಇಲ್ಲಿ ಬುಕ್ ಮಾಡಿದ ಏಜೆಂಟ್ ಸತಾಯಿಸಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ವಿಮಾನದ ದೂರುಗಳಿಗೆ ಅಂತಾನೇ ಇರೋ ಸರ್ಕಾರದ ವೆಬ್‌ಸೈಟ್ ಏರ್‌ಸೇವಾದಲ್ಲೂ ಹಾಕಿ. ನಾನು ಮೂರನ್ನೂ ಮಾಡಿದೀನಿ. ಅಮೆರಿಕದ ದೂರು ಹಾಕಿ ಇವತ್ತಿಗೆ 38 ದಿನ, ವಿಚಾರಿಸ್ತಿದೀವಿ ಅಂತ ಏರ್‌ಲೈನಿಂದ ಮೇಲ್ ಬಂದಿದೆ, ಮೊದಲ ಸಲ ಒಬ್ಬ ಮನುಷ್ಯ ಬರೆದ ಹಾಗಿರೋ ಮೇಲ್.

ಅಮ್ಮ ವಾಪಸ್ ಬರೋದು ತಂಗಿ ಗಂಡನ ಜೊತೆ, ಮುಂದಿನ ತಿಂಗಳು, ಆ ಟಿಕೆಟ್ಟೂ ಹೀಗೇ ಮಿಕ್ಸ್. ಗಲ್ಫಿಂದ ಬೆಂಗಳೂರಿನ ಆ ಕೊನೇ ನಾಲ್ಕು ಗಂಟೇನೂ ಬಿಸಿನೆಸ್ ಮಾಡ್ಸೋಣ ಅಂತ ಕೇಳಿದ್ರೆ, ಒಂದು ಫ್ಲೈಟ್ ಮುಟ್ಟಿದ್ರೂ ಪೂರ್ತಿ ಟಿಕೆಟ್ ಮತ್ತೆ ಲೆಕ್ಕ ಹಾಕ್ಬೇಕು, ಎರಡು ದರದಲ್ಲಿ ಯಾವುದರ ನಿಯಮ ಬಿಗಿ ಇದೆಯೋ ಅದೇ ಎಲ್ಲಕ್ಕೂ, 64 ಸಾವಿರ ಆಗುತ್ತೆ ಅಂದ್ರು ಏರ್‌ಲೈನ್‌ನವರು. ಹಾಗಂತ ಮೊದಲ ಫ್ಲೈಟ್ ಬಿಟ್ಟು ನಡುವಿಂದ ಹತ್ತೋ ಯೋಚನೆ ಮಾತ್ರ ಯಾರೂ ಮಾಡ್ಬೇಡಿ, ಮೊದಲ ಫ್ಲೈಟ್‌ಗೆ ಹೋಗ್ಲಿಲ್ಲ ಅಂದ್ರೆ ಉಳಿದಿದ್ದೆಲ್ಲಾ ಕ್ಯಾನ್ಸಲ್ ಆಗುತ್ತೆ. ಅಮ್ಮ ಮಾತ್ರ ಫೋನಲ್ಲಿ ಒಂದೇ ಮಾತು, 'ನಂಗೆ ಮುಂದಿನ ಮಲಗೋ ಸೀಟ್ ಬೇಡಮ್ಮ, ಅಳಿಯಂದಿರ ಪಕ್ಕ ಕೂರ್ತೀನಿ.' ಅದಕ್ಕೇ ಆ ಟಿಕೆಟ್ ಬಿಟ್ಟು, ಇಬ್ಬರಿಗೂ ಒಂದೇ ಪಿಎನ್‌ಆರ್‌ನಲ್ಲಿ ಪ್ರೀಮಿಯಂ ಎಕಾನಮಿ, ಅಂದ್ರೆ ಎಕಾನಮಿಗಿಂತ ಸ್ವಲ್ಪ ಜಾಗ ಜಾಸ್ತಿ ಇರೋ ಸೀಟು ತಗೊಂಡಿದೀವಿ, ಅಮ್ಮಂಗೆ ನಡೆದಾಡೋ ದಾರಿ ಪಕ್ಕದ ಸೀಟು, ಬಲಗಾಲು ಚಾಚೋಕೆ ಆಗೋ ಕಡೆ.