ಎಣ್ಣೆ ಡ್ರಮ್ಮಿನ ತಗಡಿನಲ್ಲಿ ಹೈಟಿಯ ಕತೆ: ಫೆ ಡೆಕೂಪೆ ಕೊಳ್ಳುವವರಿಗೆ

ಮಯಾಮಿಯ ಲಿಟಲ್ ಹೈಟಿ, ಬ್ರೂಕ್ಲಿನ್ನಿನ ಫ್ಲಾಟ್‌ಬುಷ್, ಕೆನಡಾದ ಮಾಂಟ್ರಿಯಲ್: ಹೈಟಿಯವರು ನೆಲೆಸಿದ ಊರುಗಳಲ್ಲಿ ಮನೆ, ಹೋಟೆಲು, ಅಂಗಡಿಗಳ ಗೋಡೆ ಮೇಲೆ ಕಪ್ಪು ತಗಡಿನ ಮತ್ಸ್ಯಕನ್ಯೆಯೋ ಹಾವೋ ಹಕ್ಕಿ ತುಂಬಿದ ಮರವೋ ಕಣ್ಣಿಗೆ ಬೀಳುತ್ತದೆ. ಕ್ರಿಯೋಲ್ ಭಾಷೆಯಲ್ಲಿ ಇದರ ಹೆಸರು ಫೆ ಡೆಕೂಪೆ. ಖಾಲಿ ಎಣ್ಣೆ ಡ್ರಮ್ಮನ್ನು ಬಿಚ್ಚಿ, ಉಳಿ ಸುತ್ತಿಗೆಯಲ್ಲಿ ಕಡಿದು ಮಾಡಿದ ಚಿತ್ರ. ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ, 55ರಿಂದ 60 ಸೆಂಟಿಮೀಟರಿನ ದುಂಡನೆಯ ಚಿತ್ರಕ್ಕೆ ಸಾಮಾನ್ಯವಾಗಿ 50ರಿಂದ 90 ಡಾಲರ್. ಆ ದುಡ್ಡಿಗೆ ಇಷ್ಟು ಕೈಕೆಲಸ, ಇಷ್ಟು ಕತೆ ಇರುವ ವಸ್ತು ಬೇರೆ ಸಿಗುವುದು ಕಷ್ಟ. ಆದರೆ ಕಣ್ಣುಮುಚ್ಚಿ ಕೊಳ್ಳಬಾರದು, ಯಂತ್ರದಲ್ಲಿ ಕತ್ತರಿಸಿದ ನಕಲುಗಳೂ ಇದೇ ಹೆಸರಲ್ಲಿ ಮಾರಾಟಕ್ಕಿವೆ.

ಈ ಕಸುಬಿನ ತವರು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ಗೆ ಹತ್ತಿರದ ಕ್ರವಾ-ದೆ-ಬುಕೆ, ಅದರಲ್ಲೂ ನೊವಾಯ್ ಎಂಬ ಕೇರಿ. ಅಲ್ಲಿನ ಕಮ್ಮಾರ ಜಾರ್ಜ್ ಲಿಯೊಟೊ ಸ್ಮಶಾನಕ್ಕೆ ಕಬ್ಬಿಣದ ಶಿಲುಬೆಗಳನ್ನು ಮಾಡಿಕೊಡುತ್ತಿದ್ದರು. 1944ರಲ್ಲಿ ರಾಜಧಾನಿಯಲ್ಲಿ ಸಾಂತ್ರ್ ದಾರ್ ಕಲಾಕೇಂದ್ರ ಕಟ್ಟಿದ ಡಿವಿಟ್ ಪೀಟರ್ಸ್ 1953ರಲ್ಲಿ ಆ ಶಿಲುಬೆಗಳನ್ನು ಕಂಡು, ಬೇರೆ ರೂಪಗಳನ್ನೂ ಮಾಡಿ ಎಂದು ಒತ್ತಾಯಿಸಿದರು. ಲಿಯೊಟೊ ಅವರಿಂದ ಲೂಯಿಜುಸ್ತ್ ಸಹೋದರರು, ಗೇಬ್ರಿಯಲ್ ಬಿಯೆನೆಮೆ, ಸೆರ್ಜ್ ಜೋಲಿಮೊ ಹೀಗೆ ವಿದ್ಯೆ ಕೈಯಿಂದ ಕೈಗೆ ಇಳಿದು ಬಂತು. ಹಳೆಯವರ ಕೆಲಸ ನೋಡಬೇಕಾದರೆ ಅಮೆರಿಕದಲ್ಲಿ ಅಯೋವಾದ ವಾಟರ್‌ಲೂ ಕಲಾಕೇಂದ್ರ, ವಿಸ್ಕಾನ್ಸಿನ್‌ನ ಮಿಲ್‌ವಾಕಿ ಆರ್ಟ್ ಮ್ಯೂಸಿಯಂ ಎರಡರಲ್ಲೂ ಒಳ್ಳೆಯ ಹೈಟಿ ಸಂಗ್ರಹ ಇದೆ.

ಅಸಲಿ ನಕಲಿ ಗುರುತಿಸಲು ಡ್ರಮ್ಮಿನ ಅಳತೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. 55 ಗ್ಯಾಲನ್, ಅಂದರೆ ಸುಮಾರು 208 ಲೀಟರಿನ ಡ್ರಮ್ಮಿನ ಎತ್ತರ 88 ಸೆಂ.ಮೀ., ಅಡ್ಡಳತೆ 57 ಸೆಂ.ಮೀ. ಆಸುಪಾಸು. ಮೊದಲು ಮೇಲಿನ, ಕೆಳಗಿನ ಮುಚ್ಚಳ ಎರಡನ್ನೂ ಕಡಿದು ತೆಗೆಯುತ್ತಾರೆ. ಉಳಿದ ಕೊಳವೆಯೊಳಗೆ ಒಣ ಬಾಳೆಎಲೆ, ಕಬ್ಬಿನ ರವದಿ ತುರುಕಿ ಬೆಂಕಿ ಹಚ್ಚುತ್ತಾರೆ. ಒಳಗೆ ಅಂಟಿದ ಎಣ್ಣೆ, ಹೊರಗಿನ ಬಣ್ಣ ಸುಟ್ಟುಹೋಗುತ್ತವೆ. ತಣ್ಣಗಾದ ಮೇಲೆ ಪಕ್ಕೆಯನ್ನು ಉದ್ದಕ್ಕೆ ಸೀಳಿ, ಮೇಲೆ ಹತ್ತಿ ತುಳಿದು, ಸುತ್ತಿಗೆಯಿಂದ ಬಡಿದು ಸಪಾಟು ಮಾಡಿದರೆ ಸುಮಾರು 180 × 88 ಸೆಂ.ಮೀ.ನ ಹಾಳೆ ಸಿಗುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಗೆರೆಯ ಮೇಲೆ ಉಳಿ ಇಟ್ಟು ಕಡಿಯುತ್ತಾ ಹೋಗುತ್ತಾರೆ. ರೆಕ್ಕೆ, ಹುರುಪೆ, ಎಲೆಯ ನರಗಳನ್ನು ಮೊಂಡ ಉಳಿಯಿಂದ ಹಿಂಬದಿಯಿಂದಲೂ ಮುಂಬದಿಯಿಂದಲೂ ಬಡಿದು ಉಬ್ಬಿಸುತ್ತಾರೆ. ಅಂಚಿಗೆ ಅರ ಹಾಕಿ, ಸಹಿ ಕೊರೆದು, ಕೊನೆಗೆ ವಾರ್ನಿಷ್.

ಹಾಗಾಗಿ ಮುಂಬದಿಗಿಂತ ಹಿಂಬದಿ ಹೆಚ್ಚು ಸತ್ಯ ಹೇಳುತ್ತದೆ. ಅಂಚನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಿ: ಕೈಯಲ್ಲಿ ಕಡಿದದ್ದಾದರೆ ಉಳಿಯ ಬಾಯಿಯಷ್ಟು ಅಗಲಕ್ಕೊಮ್ಮೆ ಸಣ್ಣ ಮೆಟ್ಟಿಲು ಸಿಗುತ್ತದೆ, ಬಳುಕುವ ಗೆರೆ ಕೂಡ ನಿಜಕ್ಕೂ ಚಿಕ್ಕ ಚಿಕ್ಕ ನೇರ ಕಡಿತಗಳ ಸಾಲು. ಲೇಸರಿನಲ್ಲಿ ಕತ್ತರಿಸಿದ್ದರೆ ಅಂಚು ಎಲ್ಲೆಡೆ ಒಂದೇ ಸಮ, ಮೂಲೆಗಳು ಚೂಪು, ಮೈಯಲ್ಲಿ ಸುತ್ತಿಗೆಯ ತಗ್ಗೇ ಇರುವುದಿಲ್ಲ. ಡ್ರಮ್ಮಿನ ಹೊಟ್ಟೆಗೆ ಎರಡು ಉಬ್ಬು ಪಟ್ಟಿಗಳಿರುತ್ತವೆ. ಎಷ್ಟು ಬಡಿದರೂ ಅವುಗಳ ಗುರುತು ದೊಡ್ಡ ಹಾಳೆಗಳ ಹಿಂಬದಿಯಲ್ಲಿ ಮಸುಕಾಗಿ ಉಳಿಯುತ್ತದೆ. ಇದನ್ನು ದೋಷ ಎಂದು ಬೆಲೆ ಇಳಿಸಲು ಹೋಗಬೇಡಿ, ಅದೇ ಡ್ರಮ್ಮಿನ ಹುಟ್ಟುಗುರುತು. ದುಂಡನೆಯ ಚಿತ್ರಗಳು ಮುಚ್ಚಳದಿಂದ ಬಂದವು. ಮೇಲಿನ ಮುಚ್ಚಳದಲ್ಲಿ ಬಿರಡೆಯ ಎರಡು ತೂತು ಇರುವುದರಿಂದ ಜಾಣ ಕಲಾವಿದರು ಅವು ಖಾಲಿ ಜಾಗದಲ್ಲಿ ಬರುವಂತೆ ಚಿತ್ರ ಹೂಡುತ್ತಾರೆ. 60 ಸೆಂ.ಮೀ.ಗಿಂತ ದೊಡ್ಡ ದುಂಡು ಕಂಡರೆ ಅದು ಮುಚ್ಚಳವಲ್ಲ, ಪಕ್ಕೆಯಿಂದ ಕಡಿದದ್ದು. ಎರಡೂ ಕಡೆ 90 ಸೆಂ.ಮೀ. ದಾಟಿದ್ದರೆ ಬೆಸುಗೆ ಎಲ್ಲಿದೆ ಹುಡುಕಿ. ಬೆಸುಗೆ ಇಲ್ಲದಿದ್ದರೆ ಅದು ಡ್ರಮ್ಮೇ ಅಲ್ಲ.

ಯಾವ ಚಿತ್ರ ಆರಿಸಬೇಕು? ಹಕ್ಕಿಗಳಿರುವ ಮರ ಹೊರದೇಶದವರಿಗೆ ಅಚ್ಚುಮೆಚ್ಚು, ಎಲ್ಲರ ಗೋಡೆಗೂ ಒಪ್ಪುತ್ತದೆ. ನಮ್ಮ ಮತ ಮಾತ್ರ ಲಾಸಿರೆನ್‌ಗೆ. ಹೈಟಿಯ ಜನಪದ ಧರ್ಮವಾದ ವೊಡೂ ನಂಬಿಕೆಯಲ್ಲಿ ಈ ಮತ್ಸ್ಯಕನ್ಯೆ ಸಮುದ್ರದ ದೇವತೆ, ಸಾಗರದೊಡೆಯ ಆಗ್ವೆಯ ಹೆಂಡತಿ. ಕೈಯಲ್ಲಿ ಕನ್ನಡಿ, ಬಾಚಣಿಗೆ ಅಥವಾ ಕಹಳೆ ಇದ್ದರೆ ಅದು ಬರೀ ಅಲಂಕಾರದ ಮೀನುಹುಡುಗಿಯಲ್ಲ, ಅವಳೇ. ಸಮುದ್ರ ದಾಟಿ ಬಂದ ಮಂದಿಗೆ ಅವಳ ಮೇಲೆ ಪ್ರೀತಿ ಹೆಚ್ಚಿದ್ದರೆ ಅಚ್ಚರಿಯಿಲ್ಲ. ಹಾವಿದ್ದರೆ ಅದು ವೊಡೂವಿನ ಸರ್ಪದೇವತೆ ದಂಬಾಲಾ. ಇಂಥ ಚಿತ್ರದ ಕೆಳಗೆ ಕೂತು, ಹೈಟಿಯಲ್ಲಿ ಕತೆ ಶುರುಮಾಡುವ ವಾಡಿಕೆಯಂತೆ ಅಜ್ಜಿ «ಕ್ರಿಕ್?» ಅಂದು, ಮಕ್ಕಳು «ಕ್ರಾಕ್!» ಅಂದು ಕತೆ ಶುರುವಾದರೆ ಕ್ರಿಯೋಲ್ ಮುಂದಿನ ತಲೆಮಾರಿಗೆ ದಾಟುತ್ತದೆ. ಬರೀ ಅಂದದ ಮರದ ಕೆಳಗೆ ಆ ಕತೆಗೆ ಹಿಡಿಕೆ ಸಿಗುವುದಿಲ್ಲ.

ಕೊರತೆಗಳಿಗೆ ಬರೋಣ. ಮೊದಲನೆಯದು ತುಕ್ಕು. ವಾರ್ನಿಷ್ ಅಂಚಿನಲ್ಲಿ ನಿಲ್ಲದೆ ಜಾರುವುದರಿಂದ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಮಯಾಮಿಯ ಉಪ್ಪುಗಾಳಿಗೆ, ನಮ್ಮ ಮಂಗಳೂರು ಕಾರವಾರದ ಮಳೆಗಾಲಕ್ಕೆ ಬಂದಾಗಿನ ಲೇಪ ಸಾಲದು, ಬಿಳಿ ಗೋಡೆ ಮೇಲೆ ಕಿತ್ತಳೆ ಕಲೆ ಇಳಿಯುತ್ತದೆ. ಪರಿಹಾರ ಕಷ್ಟವಲ್ಲ: ತುಕ್ಕಿದ್ದಲ್ಲಿ ತೀರಾ ನಯವಾದ ಸ್ಟೀಲ್ ವುಲ್ ಅಥವಾ 400 ನಂಬರಿನ ಎಮ್ರಿ ಹಾಳೆಯಲ್ಲಿ ಉಜ್ಜಿ, ಟರ್ಪೆಂಟೈನ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಸ್ಪ್ರೇಯನ್ನು ಸುಮಾರು 30 ಸೆಂ.ಮೀ. ದೂರದಿಂದ ತೆಳ್ಳಗೆ ಮೂರು ಸಲ ಹೊಡೆಯಿರಿ, ನಡುವೆ ಅರ್ಧ ಗಂಟೆ ಬಿಡಿ. ಹಿಂಬದಿ, ಅಂಚು ಮರೆಯಬೇಡಿ. ಒಮ್ಮೆಲೇ ದಪ್ಪಗೆ ಹೊಡೆದರೆ ಸೋರುತ್ತದೆ, ಮಳೆಯ ದಿನ ಹೊಡೆದರೆ ಹಾಲಿನಂತೆ ಬೆಳ್ಳಗಾಗುತ್ತದೆ. ನೀರು, ಸೋಪು ಬೇಡ. ಹೆಸರಾಂತ ಹಳೆಯ ಕಲಾವಿದರ ಕೆಲಸ ನಿಮ್ಮ ಕೈಯಲ್ಲಿದ್ದರೆ ಇದ್ಯಾವುದನ್ನೂ ಮಾಡದೆ ಬಲ್ಲವರಿಗೆ ತೋರಿಸಿ. ಉಜ್ಜಿದರೆ ಹಳೆಯ ಮೈಬಣ್ಣವೂ ಬೆಲೆಯೂ ಒಟ್ಟಿಗೇ ಹೋಗುತ್ತವೆ.

ಎರಡನೆಯದು ಸಾಗಾಟ. ಹಕ್ಕಿಯ ಕೊಕ್ಕು, ಬಾಲದಂಥ ತೆಳು ಭಾಗಗಳು ದಾರಿಯಲ್ಲಿ ಬಾಗುತ್ತವೆ. ಕೈಗವಸು ಹಾಕಿಕೊಂಡು ಒಂದೇ ಸಲಕ್ಕೆ, ನಿಧಾನವಾಗಿ ಸರಿಪಡಿಸಿ. ಹಿಂದೆ ಮುಂದೆ ಆಡಿಸಿದರೆ ತಗಡು ಬುಡದಲ್ಲಿ ಬಿರಿಯುತ್ತದೆ. ಬಣ್ಣ ಬಳಿದವುಗಳು ಇನ್ನೂ ನಾಜೂಕು: ಎಣ್ಣೆಯ ಜಿಡ್ಡು ಸರಿಯಾಗಿ ಸುಟ್ಟಿರದಿದ್ದರೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಕಪ್ಪನೆಯದೇ ಒಳ್ಳೆಯದು.

ತೂಗುಹಾಕಲು ಕೊಂಡಿ ಹುಡುಕಬೇಕಾಗಿಲ್ಲ, ಚಿತ್ರದ ತೂತುಗಳೇ ಸಾಕು. ದುಂಡು ಒಂದು ಕೆ.ಜಿ. ಆಸುಪಾಸು ತೂಗುತ್ತದೆ, ಎರಡು ಮೊಳೆ ಹೊರುತ್ತವೆ. ಹಿಂದೆ ಆರೇಳು ಮಿ.ಮೀ. ದಪ್ಪದ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೆ ಕಲೆ ಹತ್ತುವುದಿಲ್ಲ, ಪಕ್ಕದಿಂದ ದೀಪ ಬಿದ್ದಾಗ ತೊಗಲುಗೊಂಬೆಯ ಹಾಗೆ ತೂತುಗಳೆಲ್ಲ ಗೋಡೆ ಮೇಲೆ ಚಿತ್ತಾರ ಆಗುತ್ತವೆ.

ಸಹಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. 2021ರಿಂದ ಕ್ರವಾ-ದೆ-ಬುಕೆಯಲ್ಲಿ ಶಸ್ತ್ರಧಾರಿ ಗುಂಪುಗಳ ಹಾವಳಿ ಹೆಚ್ಚಿ, ನೊವಾಯ್‌ನ ಎಷ್ಟೋ ಕಸುಬುದಾರರು ಕಾರ್ಯಾಗಾರ ಬಿಟ್ಟು ಓಡಬೇಕಾಯಿತು. ಹೊಸ ಆರ್ಡರ್ ತಡವಾದರೆ ಕಾರಣ ಅದು, ತಾಳ್ಮೆ ಇರಲಿ. ಮಾಡಿದವರ ಹೆಸರು, ಮಾಡಿದ ಕಾಲ ಹೇಳುವ ಮಾರಾಟಗಾರರಿಂದಲೇ ಕೊಳ್ಳಿ. «ಹೈಟಿಯ ಕೈಕಸುಬು» ಎಂದಷ್ಟೇ ಬರೆದು ಹೆಸರು ಕೇಳಿದರೆ ತಡವರಿಸುವವರನ್ನು ಬಿಟ್ಟುಬಿಡಿ.

ಮನೆಗೆ ಬಂದ ದಿನವೇ ಫೋಟೊ ತೆಗೆದಿಡಿ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ವಾರ್ನಿಷ್ ಮಿಂಚಿ ಏನೂ ಕಾಣದು. ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಸವರಿಕೊಂಡು ಹೋಗುವಂತೆ ತಗಡನ್ನು ಇಟ್ಟರೆ ಉಳಿಯ ಪ್ರತಿ ಏಟೂ ಎದ್ದು ಕಾಣುತ್ತದೆ. ಮುಂಬದಿ, ಹಿಂಬದಿ, ಸಹಿಯ ಹತ್ತಿರದ ನೋಟ, ಅಳತೆಪಟ್ಟಿ ಇಟ್ಟ ಒಂದು ಚಿತ್ರ, ಒಟ್ಟು ನಾಲ್ಕು ಸಾಕು. ಹೈಟಿಯ ಗೆಳೆಯರ ಮನೆಯದಾದರೆ ಹಿರಿಯರ ಬಾಯಲ್ಲಿ ಆ ಚಿತ್ರದ ಕತೆಯನ್ನು ಕ್ರಿಯೋಲ್‌ನಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಫೋಟೊಗಳ ಜೊತೆ ಒಂದೇ ಫೋಲ್ಡರಿಗೆ ಹಾಕಿ. ಕಲಾವಿದರ ಹೆಸರನ್ನು ತಗಡಿನ ಹಿಂದೆಯೂ ಬರೆಯಿರಿ, ಆದರೆ ಕಾಗದದ ಚೀಟಿ ಅಂಟಿಸಬೇಡಿ, ಅದರಡಿ ತೇವ ಕೂತು ತುಕ್ಕು ಹಿಡಿಯುತ್ತದೆ. ವಾರ್ನಿಷ್ ಒಣಗಿದ ಮೇಲೆ ಬಿಳಿ ಪೇಂಟ್ ಮಾರ್ಕರಿನಲ್ಲಿ ಬರೆದರೆ ವರ್ಷಗಟ್ಟಲೆ ನಿಲ್ಲುತ್ತದೆ.