ಪಿನಾ ಕೊಲಾಡವೋ, ಡೈಕಿರಿಯೋ?

ಕಾಸರಗೋಡಿನ ಮನೆಗಳಲ್ಲಿ ತೆಂಗಿನಕಾಯಿಗೆ ಬರವಿಲ್ಲ, ಹಾಗಾಗಿ ರಮ್ಮಿನ ಈ ಎರಡು ಕಾಕ್‌ಟೇಲುಗಳಲ್ಲಿ ನನ್ನ ಓಟು ಪಿನಾ ಕೊಲಾಡಕ್ಕೆ. 1978ರಿಂದ ಇದು ಪೋರ್ಟೊ ರಿಕೊದ ಅಧಿಕೃತ ಪಾನೀಯ. ಬಿಳಿ ರಮ್ 50 ಮಿ.ಲೀ., ಅನಾನಸು ರಸ 50, ದಪ್ಪ ಕಾಯಿಹಾಲು 30, ಐಸು. ಮಿಕ್ಸಿಯಲ್ಲಿ ಒಂದು ಸುತ್ತು. ಹಾಲು ಮೊದಲ ಸಲ ಹಿಂಡಿದ್ದೇ ಆಗಬೇಕು. ನಾನೊಮ್ಮೆ ಎರಡನೇ ಹಾಲು ಹಾಕಿ, ಪಾಯಸದ ಪಾತ್ರೆ ತೊಳೆದ ನೀರಿನಂಥದ್ದನ್ನು ಕುಡಿದಿದ್ದೇನೆ! ಡಬ್ಬಿಯ ಕೊಕೊನಟ್ ಕ್ರೀಮಿನ ಸಿಹಿ ಮನೆಯ ಹಾಲಿಗಿಲ್ಲ, ಸ್ವಲ್ಪ ಸಕ್ಕರೆ ಬೀಳಲಿ.

ಕ್ಯೂಬಾದ ಡೈಕಿರಿಗೆ ಮಿಕ್ಸಿಯೂ ಬೇಡ. ರಮ್ 60, ಲಿಂಬೆರಸ 20, ಎರಡು ಟೀ ಚಮಚ ಸಕ್ಕರೆ, ಐಸು; ಮುಚ್ಚಳವಿರುವ ಬಾಟಲಿಯಲ್ಲಿ ಕುಲುಕಿ ಸೋಸಿ. ಮಾವಿನಹಣ್ಣಿದ್ದರೆ ಅರೆದು ಸೇರಿಸಬಹುದು. ಊಟಕ್ಕೆ ಮೊದಲು ಇದೇ ವಾಸಿ, ಕೊಲಾಡ ಹೊಟ್ಟೆ ತುಂಬಿಸಿಬಿಡುತ್ತದೆ.

ಮದ್ಯ ಬೇಡವೆನ್ನುವವರಿಗೆ ಕೊಲಾಡ ರಮ್ಮಿಲ್ಲದೆಯೂ ರುಚಿಯೇ. ಡೈಕಿರಿಯಿಂದ ರಮ್ ತೆಗೆದರೆ ಉಳಿಯುವುದು ಲಿಂಬೆ ಶರಬತ್ತು.